ಚಳಿಗಾಲದಲ್ಲಿ ಮೊಡವೆಯ ಮುಖ: ಒಣಗಿಸದೆ ಆರೈಕೆ ಮಾಡುವ ಕ್ರಮ

ದೀಪಾವಳಿ ಮುಗಿದು ಒಣ ಮೂಡಗಾಳಿ ಬೀಸತೊಡಗಿದರೆ ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಅದರ ಸುದ್ದಿ ಮೊದಲು ತಲುಪುವುದು ತುಟಿಗೆ ಮತ್ತು ಹಿಮ್ಮಡಿಗೆ. ಮೊಡವೆ ಇರುವವರಿಗೆ ಮುಖದ ಗೋಳು ಬೇರೆ. ಕೆನ್ನೆ ಬಿಗಿದು ಹೊಟ್ಟು ಏಳುತ್ತದೆ, ಅದೇ ಕೆನ್ನೆಯ ಮೇಲೆ ಹೊಸ ಮೊಡವೆಯೂ ಏಳುತ್ತದೆ. ಒಣ ಚರ್ಮಕ್ಕೆ ಏನಾದರೂ ಹಚ್ಚಿದರೆ ಮೊಡವೆ ಹೆಚ್ಚೀತೆಂಬ ಭಯ, ಮೊಡವೆಗೆ ಔಷಧ ಹಚ್ಚಿದರೆ ಮುಖ ಉರಿದೀತೆಂಬ ಭಯ. ಇವೆರಡರ ನಡುವೆ ಸಿಕ್ಕವರು ಬೇಸಿಗೆಯಲ್ಲಿ ಮಾಡುತ್ತಿದ್ದುದನ್ನೇ ಮುಂದುವರಿಸುತ್ತಾರೆ: ದಿನಕ್ಕೆ ನಾಲ್ಕಾರು ಬಾರಿ ಮುಖ ತೊಳೆಯುವುದು, ಮುಲ್ತಾನಿ ಮಿಟ್ಟಿ ಬಳಿಯುವುದು, ನಿಂಬೆರಸ ತಿಕ್ಕುವುದು. ಮೊಡವೆಯನ್ನು ಒಣಗಿಸಿಯೇ ಓಡಿಸಬೇಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಚಳಿಗಾಲದಲ್ಲಿ ಈ ನಂಬಿಕೆಯಷ್ಟು ಹಾನಿ ಮಾಡುವುದು ಮತ್ತೊಂದಿಲ್ಲ. ಮೊದಲು ಚರ್ಮದ ತೇವ ಉಳಿಸಿಕೊಳ್ಳಬೇಕು. ಆಗ ಮಾತ್ರ ಔಷಧ ತಡೆದುಕೊಳ್ಳುವ ಶಕ್ತಿ ಮುಖಕ್ಕೆ ಬರುತ್ತದೆ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಚಳಿಯಲ್ಲಿ ಚರ್ಮಕ್ಕೆ ಆಗುವುದೇನು

ಮೊಡವೆ ಹುಟ್ಟುವುದು ಕೂದಲ ಬುಡದ ಸಣ್ಣ ಕೊಳವೆಯಲ್ಲಿ. ಅಲ್ಲಿನ ಗ್ರಂಥಿ ಜಿಡ್ಡು ಸುರಿಸುತ್ತದೆ. ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಒತ್ತಾಸೆಯಿಂದ ಆ ಜಿಡ್ಡು ಹೆಚ್ಚುತ್ತದೆ. ಉದುರಿಹೋಗಬೇಕಾದ ಸತ್ತ ಜೀವಕೋಶಗಳು ಜಿಡ್ಡಿನೊಂದಿಗೆ ಅಂಟಿಕೊಂಡು ಕೊಳವೆಯ ಬಾಯಿ ಕಟ್ಟುತ್ತವೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಉರಿಯೂತವಾಗುತ್ತದೆ, ಕೆಂಪು ಗುಳ್ಳೆ ಏಳುತ್ತದೆ. ಇದರಲ್ಲಿ ಕೊಳಕಿನ ಪಾತ್ರ ಇಲ್ಲವೇ ಇಲ್ಲ ಎನ್ನಬೇಕು. ಮದುವೆ ಮನೆಯಲ್ಲಿ ಹರೆಯದ ಮಕ್ಕಳನ್ನು ಹಿಡಿದು ನಿಲ್ಲಿಸಿ "ಮುಖ ಸರಿಯಾಗಿ ತೊಳೆಯುವುದಿಲ್ಲವೇನು?" ಎಂದು ಕೇಳುವ ಹಿರಿಯರು ದಯವಿಟ್ಟು ಇದನ್ನು ತಿಳಿದುಕೊಳ್ಳಬೇಕು. ಆ ಒಂದು ಮಾತಿಗೆ ಹೆದರಿ ಮುಖವನ್ನು ಕೆರೆದುಕೊಂಡು ಗಾಯ ಮಾಡಿಕೊಳ್ಳುವ ಮಕ್ಕಳು ಎಷ್ಟೋ ಮಂದಿ.

ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳ ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳ ತೆಳು ಲೇಪವಿದೆ. ಒಳಗಿನ ನೀರು ಆವಿಯಾಗದಂತೆ ತಡೆಯುವುದು ಅದೇ. ಗಾಳಿ ಒಣಗಿದಾಗ ನೀರು ಬೇಗ ಹಾರುತ್ತದೆ, ಬಿಸಿನೀರು ಮತ್ತು ಸೋಪು ಲೇಪವನ್ನೇ ತೊಳೆದುಹಾಕುತ್ತವೆ, ಮೇಲ್ಪದರ ನೀರಿಲ್ಲದ ಎರೆ ಹೊಲದಂತೆ ಬಿರಿಯುತ್ತದೆ. ಆಗ ಸತ್ತ ಕೋಶಗಳು ಒಂದೊಂದಾಗಿ ಉದುರದೆ ಹೆಪ್ಪಳಿಕೆಯಾಗಿ ಕೊಳವೆಯ ಬಾಯಿಯಲ್ಲೇ ನಿಲ್ಲುತ್ತವೆ. ಉರಿಯೂತವೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಮುಖ ಒಣಗಿದ್ದರೂ ಮೊಡವೆ ಏಳುವುದು ಹೀಗೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳ ಚಳಿಯೂ ಒಂದೇ ತೆರನಲ್ಲ. ವಿಜಯಪುರದಲ್ಲಿ ಕೆಲವು ರಾತ್ರಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಅದೇ ದಿನ ಮಧ್ಯಾಹ್ನ ಮೂವತ್ತರ ಹತ್ತಿರ ಬಿಸಿಲಿರುತ್ತದೆ. ಹಗಲು ಬೆವರು, ರಾತ್ರಿ ಬಿರುಕು. ಸಹ್ಯಾದ್ರಿಯ ಅಂಚಿನ ಬೆಳಗಾವಿ, ಖಾನಾಪುರಗಳಲ್ಲಿ ಬೆಳಗಿನ ಮಂಜಿನಿಂದ ಗಾಳಿಗೆ ಕೊಂಚ ತೇವ ಉಳಿದಿರುತ್ತದೆ. ಹಾಗಾಗಿ ಬೆಳಗಾವಿಯ ಗೆಳತಿಗೆ ಒಪ್ಪಿದ ತೆಳು ಲೋಷನ್ ಬಯಲಿನ ಊರುಗಳಾದ ಇಂಡಿಯಲ್ಲೋ ಮುಧೋಳದಲ್ಲೋ ಇರುವವರಿಗೆ ಸಾಲದೆ ಹೋಗಬಹುದು.

ಮೊದಲ ಹಂತ: ಮುಖದ ಮೇಲಿರುವುದು ಮೊಡವೆಯೇ ಎಂದು ನೋಡಿಕೊಳ್ಳಿ

ಬೆಳಗಿನ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ. ಕಪ್ಪು ತಲೆಯ ಅಥವಾ ಬಿಳಿ ತಲೆಯ ಸಣ್ಣ ಗಂಟುಗಳು, ಅವುಗಳ ನಡುವೆ ಕೆಂಪು ಗುಳ್ಳೆಗಳು, ಗಾತ್ರದಲ್ಲಿ ಒಂದೊಂದೂ ಬೇರೆ ಬೇರೆ ಇದ್ದರೆ ಅದು ಮೊಡವೆ. ಹಣೆಯ ತುಂಬ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು ತುರಿಸುತ್ತಿದ್ದರೆ, ತಲೆಯಲ್ಲಿ ಹೊಟ್ಟೂ ಇದ್ದರೆ, ಅದು ಮಲಸೀಜಿಯಾ ಎಂಬ ಶಿಲೀಂಧ್ರದ ಕೆಲಸವಾಗಿರಬಹುದು. ಅದಕ್ಕೆ ಮೊಡವೆಯ ಆಂಟಿಬಯೋಟಿಕ್ ಕೊಟ್ಟರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಔಷಧವೇ ಬೇರೆ, ವೈದ್ಯರಿಗೆ ತೋರಿಸಬೇಕು. ಮೂಗಿನ ಪಕ್ಕ, ಹುಬ್ಬಿನ ನಡುವೆ ಹಳದಿ ಜಿಡ್ಡಿನ ಹೊಟ್ಟು ಏಳುವುದು ಮೂರನೆಯ ಬಗೆ. ಚಳಿಯಲ್ಲಿ ಅದೂ ಕೆರಳುತ್ತದೆ. ಒಣಗಿದೆಯೆಂದು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುವವರೇ ಹೆಚ್ಚು, ಎಣ್ಣೆ ಕುಡಿದಷ್ಟೂ ಅದು ಹಬ್ಬುತ್ತದೆ.

ಎರಡನೆಯ ಹಂತ: ತೊಳೆಯುವುದನ್ನು ಕಡಿಮೆ ಮಾಡಿ

ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಇಷ್ಟೇ. ಬೆಳಿಗ್ಗೆ ಎದ್ದಾಗ ಮುಖ ಬಿಗಿದುಕೊಂಡೇ ಇದ್ದರೆ ಆ ಹೊತ್ತಿಗೆ ಬರಿಯ ನೀರೂ ಸಾಕು. ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆಯ ಬೂದಿ, ರಸ್ತೆಯ ಧೂಳು ಮೈಮೇಲೆ ಬೀಳುವ ಊರುಗಳಿವೆ. ಅಲ್ಲಿ ಸಂಜೆ ಮನೆಗೆ ಬಂದೊಡನೆ ಫೇಸ್‌ವಾಶ್‌ನಿಂದ ತೊಳೆದುಬಿಡಿ, ಅದನ್ನೇ ರಾತ್ರಿಯ ತೊಳೆತ ಎಂದುಕೊಳ್ಳಿ. ವ್ಯಾಯಾಮ ಮಾಡಿ ಬೆವರಿದ ದಿನ ಮಾತ್ರ ಇನ್ನೊಮ್ಮೆ ತೊಳೆಯಬಹುದು.

ಮೈ ಸೋಪನ್ನು ಮುಖಕ್ಕೆ ತರಬೇಡಿ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5ರ ಆಸುಪಾಸಿನಲ್ಲಿ, ಅಂದರೆ ತುಸು ಆಮ್ಲೀಯ. ಸಾಮಾನ್ಯ ಸೋಪಿನದು 9 ರಿಂದ 10, ಪೂರ್ತಿ ಕ್ಷಾರ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಸೇರಿದರೆ ಕಷ್ಟ ಇಮ್ಮಡಿಯಾಗುತ್ತದೆ: ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಬೆರೆತು ಬಿಳಿ ಗಸಿಯಾಗುತ್ತದೆ, ಬಕೆಟ್ಟಿನ ಒಳಮೈಗೆ ಅಂಟುವ ಆ ಗಸಿ ಮುಖದ ಮೇಲೂ ಉಳಿಯುತ್ತದೆ. ಆದ್ದರಿಂದ ಸೋಪಲ್ಲದ, ನೊರೆ ಕಡಿಮೆ ಬರುವ, ಸುವಾಸನೆಯಿಲ್ಲದ ಫೇಸ್‌ವಾಶ್ ಕೊಳ್ಳಿ. ಔಷಧ ಅಂಗಡಿಯಲ್ಲಿ "ಸೋಪ್ ಫ್ರೀ ಕ್ಲೆನ್ಸರ್" ಎಂದು ಕೇಳಿದರೆ ಕೊಡುತ್ತಾರೆ. ತೊಳೆದ ಮೇಲೆ ಮುಖ "ಕರಕರ" ಎಂದರೆ ಸ್ವಚ್ಛವಾಯಿತು ಎಂದು ಹಿಗ್ಗುವ ಅಭ್ಯಾಸ ಬಿಡಬೇಕು. ಆ ಕರಕರ ಲೇಪ ಹೋಯಿತೆಂಬುದರ ಗುರುತು. ಮನೆಯ ನೀರು ತೀರ ಸವಳಾಗಿದ್ದರೆ, ಮುಖದ ಕೊನೆಯ ತೊಳೆತಕ್ಕೆ ಮಾತ್ರ ಒಂದು ತಂಬಿಗೆ ಕುಡಿಯುವ ನೀರು ಬಳಸಿ ನೋಡಿ.

ಹಂಡೆಯ ಬಿಸಿನೀರಿನ ಸುಖ ಬಿಡುವುದು ಕಷ್ಟ ಎಂದು ಬಲ್ಲೆ. ಮೈಗೆ ಬೇಕಿದ್ದರೆ ಬಿಸಿ ಹಾಕಿಕೊಳ್ಳಿ, ಬೇಗ ಮುಗಿಸಿ. ಮುಖವನ್ನು ಮಾತ್ರ ಬೇರೆಯಾಗಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ತಿಕ್ಕಲು ಬೆರಳ ತುದಿ ಸಾಕು. ಹೀರೇಕಾಯಿ ನಾರು, ಒರಟು ಸ್ಕ್ರಬ್, ಕಡಲೆಹಿಟ್ಟು ಯಾವುದೂ ಬೇಡ. ಟವೆಲ್ಲನ್ನು ಒತ್ತಿ ಒರೆಸಿ, ಎಳೆಯಬೇಡಿ.

ಮೂರನೆಯ ಹಂತ: ತೇವ ಆರುವ ಮೊದಲೇ ಮಾಯಿಶ್ಚರೈಸರ್

ಇಡೀ ಕ್ರಮದ ಬೆನ್ನೆಲುಬು ಇದು. ಮುಖ ಒರೆಸಿದ ಮೂರು ನಿಮಿಷದೊಳಗೆ, ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಮೊಡವೆ ಇರುವವರು ಇದನ್ನೇ ಬಿಟ್ಟುಬಿಡುತ್ತಾರೆ, ಜಿಡ್ಡಿನ ಮುಖಕ್ಕೆ ಮತ್ತೆ ಜಿಡ್ಡೇಕೆ ಎಂದು. ಆದರೆ ಚರ್ಮಕ್ಕೆ ಜಿಡ್ಡಿದ್ದೂ ನೀರಿಲ್ಲದಿರಬಹುದು. ಎರಡೂ ಬೇರೆ ಬೇರೆ ಸಂಗತಿಗಳು.

ಡಬ್ಬಿಯ ಹಿಂಬದಿ ಓದಿ ಕೊಳ್ಳಿ. ಗ್ಲಿಸರಿನ್, ಹೈಲುರಾನಿಕ್ ಆಮ್ಲ ನೀರನ್ನು ಹಿಡಿದಿಡುತ್ತವೆ. ಸೆರಮೈಡ್ ಕಳೆದುಹೋದ ಲೇಪವನ್ನು ತುಂಬುತ್ತದೆ. ಡೈಮೆಥಿಕೋನ್ ಮೇಲೆ ತೆಳ್ಳಗೆ ಹೊದ್ದುಕೊಂಡು ನೀರು ಹಾರದಂತೆ ನೋಡಿಕೊಳ್ಳುತ್ತದೆ. ಶೇ 4-5ರಷ್ಟು ನಿಯಾಸಿನಮೈಡ್ ಇದ್ದರೆ ಕಲೆಗಳಿಗೂ ಕೆಂಪಿಗೂ ಒಳ್ಳೆಯದು. "ನಾನ್ ಕೊಮೆಡೋಜೆನಿಕ್" ಎಂಬ ಬರಹ ಹುಡುಕಿ. ರಂಧ್ರ ಕಟ್ಟುವ ಸಂಭವ ಕಡಿಮೆ ಎಂದು ತಯಾರಕರು ಹೇಳುವ ಮಾತದು. ಅದರ ಮೇಲೆ ಪೂರ್ತಿ ಭರವಸೆ ಇಡದೆ, ಮೊದಲ ವಾರ ದವಡೆಯ ಒಂದು ಬದಿಗೆ ಮಾತ್ರ ಹಚ್ಚಿ ನೋಡಿ. ಬೇಸಿಗೆಯ ಜೆಲ್ ಈ ದಿನಗಳಿಗೆ ಸಾಲದು, ಲೋಷನ್ ಅಥವಾ ಹಗುರವಾದ ಕ್ರೀಮ್ ಬೇಕು.

ಗ್ಲಿಸರಿನ್ ಮತ್ತು ಗುಲಾಬಿ ನೀರಿನ ಶೀಶೆ ನಮ್ಮ ಅನೇಕ ಮನೆಗಳಲ್ಲಿ ಇದ್ದೇ ಇರುತ್ತದೆ. ಅಗ್ಗದ, ಒಳ್ಳೆಯ ಪದಾರ್ಥ. ನೇರವಾಗಿ ಹಚ್ಚದೆ, ಒಂದು ಪಾಲು ಗ್ಲಿಸರಿನ್‌ಗೆ ನಾಲ್ಕೈದು ಪಾಲು ನೀರು ಬೆರೆಸಿ, ಒದ್ದೆ ಮುಖಕ್ಕೆ ಸವರಿ, ಅದರ ಮೇಲೆ ಲೋಷನ್ ಹಚ್ಚಿ. ವಿಜಯಪುರದ ಒಣಗಾಳಿಯಲ್ಲಿ ಗ್ಲಿಸರಿನ್ ಒಂದನ್ನೇ ಹಚ್ಚಿ ಸುಮ್ಮನಾದರೆ ನೀರು ನಿಲ್ಲುವುದಿಲ್ಲ.

ಎಣ್ಣೆಯ ವಿಷಯ ಕೊಂಚ ವಿವರವಾಗಿ ಹೇಳಬೇಕು. ಕೊಬ್ಬರಿ ಎಣ್ಣೆ, ಬೆಣ್ಣೆ, ಹಾಲಿನ ಕೆನೆ ಮೊಡವೆಯ ಮುಖಕ್ಕೆ ಹೊಂದುವುದಿಲ್ಲ. ಸಾಸಿವೆ ಎಣ್ಣೆ ಉರಿ ತರಿಸುತ್ತದೆ. ನಮ್ಮ ಹೊಲದಲ್ಲಿ ಬೆಳೆಯುವ ಕುಸುಬಿಯ ಗುಣವೇ ಬೇರೆ. ಸಾಂಪ್ರದಾಯಿಕ ಕುಸುಬಿ ತಳಿಗಳ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಸುಮಾರು ಮುಕ್ಕಾಲು ಪಾಲು; ಮೊಡವೆ ಇರುವವರ ಜಿಡ್ಡಿನಲ್ಲಿ ಕೊರತೆ ಕಂಡುಬಂದಿರುವುದು ಈ ಆಮ್ಲದ್ದೇ. ಹಾಗೆಂದು ಕುಸುಬಿ ಎಣ್ಣೆ ಮೊಡವೆಗೆ ಔಷಧ ಎಂದು ನಾನು ಹೇಳುವುದಿಲ್ಲ. ಕೈ, ಕಾಲು, ಮೊಣಕೈಗಳ ಒಣಗುವಿಕೆಗೆ ಗಾಣದ ತಾಜಾ ಕುಸುಬಿ ಎಣ್ಣೆ ಧಾರಾಳ ಬಳಸಿ. ಮುಖಕ್ಕೆ ಎಣ್ಣೆಯೇ ಬೇಕೆನ್ನುವವರು ಇದರ ಒಂದೆರಡು ಹನಿಗಳನ್ನು ಮಾಯಿಶ್ಚರೈಸರ್‌ನ ಮೇಲೆ, ಅತ್ಯಂತ ಒಣಗಿದ ಜಾಗಕ್ಕಷ್ಟೇ ಒತ್ತಿಕೊಳ್ಳಲಿ. ಮುಗ್ಗಲು ವಾಸನೆ ಬಂದ ಎಣ್ಣೆಯನ್ನು ಮುಟ್ಟಬೇಡಿ.

ತುಟಿಗೆ ಬರಿಯ ಪೆಟ್ರೋಲಿಯಂ ಜೆಲ್ಲಿ ಸಾಕು, ತುಟಿಯ ಗೆರೆ ದಾಟದಂತೆ ಹಚ್ಚಿ. ಸುವಾಸನೆಯ ಲಿಪ್ ಬಾಮ್ ಗೆರೆ ದಾಟಿ ಹರಡಿದರೆ ಬಾಯಿಯ ಸುತ್ತ ಗುಳ್ಳೆ ಏಳುವುದುಂಟು.

ನಾಲ್ಕನೆಯ ಹಂತ: ಔಷಧವನ್ನು ನಿಧಾನವಾಗಿ ತನ್ನಿ

ಮೊದಲ ಎರಡು ವಾರ ತೊಳೆತ ಮತ್ತು ಮಾಯಿಶ್ಚರೈಸರ್ ಇವೆರಡೇ ಇರಲಿ. ಹೊಟ್ಟು ಕಡಿಮೆಯಾಗಿ, ಬರಿಯ ನೀರು ತಾಗಿದರೂ ಚುರುಗುಟ್ಟುವುದು ನಿಂತ ಮೇಲೆ ಔಷಧ ಶುರುಮಾಡಿ. ಮೊದಲಿನಿಂದಲೇ ಹಚ್ಚುತ್ತಿದ್ದವರು ಪೂರ್ತಿ ನಿಲ್ಲಿಸುವ ಅಗತ್ಯವಿಲ್ಲ, ದಿನ ಬಿಟ್ಟು ದಿನ ಮಾಡಿಕೊಳ್ಳಬಹುದು.

ಕಪ್ಪು ತಲೆ, ಬಿಳಿ ತಲೆಯ ಗಂಟುಗಳೇ ಹೆಚ್ಚಿದ್ದರೆ ಅಡಾಪಲೀನ್ ಶೇ 0.1 ಜೆಲ್ ಮುಖ್ಯ ಔಷಧ. ವೈದ್ಯರನ್ನು ಕೇಳಿ ಆರಂಭಿಸಿ. ಚಳಿಗಾಲದಲ್ಲಿ ಹಚ್ಚುವ ಕ್ರಮ ಹೀಗಿರಲಿ: ರಾತ್ರಿ ಮುಖ ತೊಳೆದು, ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡು ಹಣೆ, ಎರಡೂ ಕೆನ್ನೆ, ಗಲ್ಲಕ್ಕೆ ಚುಕ್ಕೆಯಿಟ್ಟು ಇಡೀ ಮುಖಕ್ಕೆ ಹರಡಿ. ಮೂಗಿನ ಮೂಲೆ, ಬಾಯಿಯ ಮೂಲೆ, ಕಣ್ಣಿನ ಸುತ್ತ ಬೇಡ. ಅದರ ಮೇಲೆ ಮತ್ತೊಮ್ಮೆ ಮಾಯಿಶ್ಚರೈಸರ್. ಔಷಧ ಶುರುಮಾಡಿದ ಮೊದಲೆರಡು ವಾರ, ವಾರಕ್ಕೆ ಎರಡು ರಾತ್ರಿ ಮಾತ್ರ. ಆಮೇಲೆ ದಿನ ಬಿಟ್ಟು ದಿನ. ಮುಖ ಒಪ್ಪಿದರೆ ಪ್ರತಿ ರಾತ್ರಿ. ಎದ್ದ ಮೊಡವೆಯ ಮೇಲಷ್ಟೇ ಹಚ್ಚುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಈ ಔಷಧದ ಕೆಲಸವೇ ಮುಂದೆ ಹುಟ್ಟಲಿರುವುದನ್ನು ತಡೆಯುವುದು. ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆ ಕಾಣಬಹುದು, ಅಲ್ಲಿಗೇ ಬಿಟ್ಟುಬಿಡಬೇಡಿ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಇದನ್ನು ಬಳಸಬಾರದು. ಅವರಿಗೆ ಅಜೆಲಾಯಿಕ್ ಆಮ್ಲದಂಥ ಬೇರೆ ದಾರಿಯನ್ನು ವೈದ್ಯರು ಹೇಳುತ್ತಾರೆ.

ಕೆಂಪು, ಕೀವಿನ ಗುಳ್ಳೆಗಳು ಹೆಚ್ಚಿದ್ದರೆ ಬೆಂಜಾಯಿಲ್ ಪೆರಾಕ್ಸೈಡ್. ಶೇ 2.5ರದ್ದೇ ಕೊಳ್ಳಿ. ಶೇ 5, 10ರದ್ದು ಅದಕ್ಕಿಂತ ಹೆಚ್ಚಿನ ಗುಣ ಕೊಡುವುದಿಲ್ಲ, ಉರಿ ಮಾತ್ರ ಹೆಚ್ಚು ಕೊಡುತ್ತದೆ. ತೀರ ಒಣ ಮುಖದವರು ಎರಡು ಮೂರು ನಿಮಿಷ ಇಟ್ಟು ತೊಳೆದುಬಿಡಬಹುದು. ಒಂದು ಎಚ್ಚರಿಕೆ: ಇದು ಬಣ್ಣದ ಬಟ್ಟೆಯನ್ನು ಬೆಳ್ಳಗೆ ಮಾಡುತ್ತದೆ. ಬಿಳಿ ಟವೆಲ್, ಬಿಳಿ ದಿಂಬಿನ ಚೀಲ ಇಟ್ಟುಕೊಳ್ಳಿ, ಇಳಕಲ್ ಸೀರೆಯ ಸೆರಗಿನಿಂದ ಮುಖ ಒರೆಸಿಕೊಳ್ಳಲೇಬೇಡಿ. ಕ್ಲಿಂಡಮೈಸಿನ್ ಎಂಬ ಆಂಟಿಬಯೋಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ, ಬೆಂಜಾಯಿಲ್ ಪೆರಾಕ್ಸೈಡ್ ಜೊತೆಯಲ್ಲಿರಬೇಕು.

ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್ ಬೇಸಿಗೆಯಲ್ಲಿ ಒಪ್ಪಿದ್ದರೂ ಈಗ ವಾರಕ್ಕೆ ಎರಡು ಮೂರು ಸಲಕ್ಕೆ ಇಳಿಸಿ. ಅಡಾಪಲೀನ್ ಹಚ್ಚುವ ರಾತ್ರಿ ಅದು ಬೇಡ.

ಹಚ್ಚಲೇಬಾರದ ಮುಲಾಮುಗಳು

ನನಗೆ ಅತ್ಯಂತ ಕಳವಳ ತರುವ ಸಂಗತಿ ಇದು. ಬೆಳ್ಳಗಾಗಲು, ಕಲೆ ಹೋಗಲು, ಮೊಡವೆ ಇಳಿಯಲು ಎಂದು ಚೀಟಿಯಿಲ್ಲದೆ ಕೈಗೆ ಬರುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯಿಡ್ ಇರುತ್ತದೆ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿದು ಮುಖ ನುಣುಪಾಗುತ್ತದೆ, ಮದುವೆ ಹತ್ತಿರವಿರುವ ಹುಡುಗಿಗೆ ಅಷ್ಟೇ ಸಾಕು. ಆಮೇಲೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕಾಣತೊಡಗುತ್ತವೆ, ಕೂದಲು ಬೆಳೆಯುತ್ತದೆ, ಬಿಟ್ಟ ದಿನ ಉರಿ ಮತ್ತು ಗುಳ್ಳೆಗಳು ಮೊದಲಿಗಿಂತ ಜೋರಾಗಿ ಮರಳುತ್ತವೆ. ಚರ್ಮರೋಗ ತಜ್ಞರು ಇದಕ್ಕೆ ಒಂದು ಪ್ರತ್ಯೇಕ ರೋಗದ ಹೆಸರನ್ನೇ ಇಟ್ಟಿದ್ದಾರೆ. ಇಂಥದ್ದನ್ನು ಈಗಾಗಲೇ ಹಚ್ಚುತ್ತಿರುವವರು ನಾಚಿಕೆಪಡದೆ ಟ್ಯೂಬನ್ನೇ ಹಿಡಿದುಕೊಂಡು ತಜ್ಞರ ಬಳಿ ಹೋಗಲಿ, ಬಿಡಿಸುವುದಕ್ಕೂ ಕ್ರಮವಿದೆ.

ನಿಂಬೆಯ ಮಾತೂ ಬರುತ್ತದೆ. ಇಂಡಿ ಊರಿನ ಲಿಂಬೆ ವಿಜಯಪುರ ಜಿಲ್ಲೆಯ ಹೆಮ್ಮೆ, ಅದು ಊಟದ ತಟ್ಟೆಯಲ್ಲಿರಲಿ. ಅದರ ರಸ ಮುಖದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತಹ ಕಪ್ಪು ಕಲೆಗಳಾಗುತ್ತವೆ. ಟೂತ್‌ಪೇಸ್ಟ್, ಅಡುಗೆ ಸೋಡಾ ಕೂಡ ಬೇಡ. ಮುಲ್ತಾನಿ ಮಿಟ್ಟಿಗೆ ಬೇಸಿಗೆ ಬರುವವರೆಗೆ ರಜೆ ಕೊಡಿ.

ಐದನೆಯ ಹಂತ: ಬಿಸಿಲು

ಚಳಿಗಾಲದ ಬಿಸಿಲು ಹಿತವಾಗಿರುತ್ತದೆ, ಬೆಳಿಗ್ಗೆ ಅಂಗಳದಲ್ಲಿ ಮೈ ಕಾಯಿಸಿಕೊಳ್ಳದವರಾರು? ಆದರೆ ನಾವಿರುವುದು ಹದಿನಾರು ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ನಡುಹಗಲಲ್ಲೂ ಸೂರ್ಯ ಬಾನಂಚಿನಿಂದ ಸುಮಾರು ಐವತ್ತು ಡಿಗ್ರಿ ಎತ್ತರದಲ್ಲಿರುತ್ತಾನೆ, ಅತಿನೇರಳೆ ಕಿರಣಗಳಿಗೆ ಬರವಿಲ್ಲ. ನಮ್ಮ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲು ಅದನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಹೆಚ್ಚಿನ, ಯುವಿಎ ಎಂಬ ಬಗೆಯ ಅತಿನೇರಳೆ ಕಿರಣವನ್ನೂ ತಡೆಯುವ ಸನ್‌ಸ್ಕ್ರೀನ್ ಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಹಾಕಿದರೆ ಮುಖ ಮತ್ತು ಕತ್ತಿಗೆ ಸಾಕಾಗುತ್ತದೆ. ಹೊಲದ ಕೆಲಸ, ಬೈಕ್ ಪ್ರಯಾಣ ಇದ್ದವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಲಿ, ಜೊತೆಗೆ ಟೊಪ್ಪಿಗೆಯೋ ಸೆರಗೋ ತಲೆಯ ಮೇಲಿರಲಿ. ಬೆಳಗಿನ ಎಳೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತರೆ ಮುಖಕ್ಕೂ ಕ್ಷೇಮ.

ತಲೆಯೆಣ್ಣೆ, ಮಫ್ಲರ್, ಕೌದಿ

ಹಣೆಯ ಅಂಚಿನಲ್ಲಷ್ಟೇ ಸಾಲಾಗಿ ಮೊಡವೆ ಇದ್ದರೆ ತಲೆಯೆಣ್ಣೆಯನ್ನು ಸಂಶಯಿಸಿ. ರಾತ್ರಿ ಎಣ್ಣೆ ಹಚ್ಚಿ ಮಲಗುವ ಬದಲು ಸ್ನಾನಕ್ಕೆ ಒಂದು ಗಂಟೆ ಮೊದಲು, ಹಣೆಯಿಂದ ಎರಡು ಬೆರಳು ಹಿಂದಕ್ಕೆ ಹಚ್ಚಿ. ತಲೆ ತೊಳೆದ ಮೇಲೆಯೇ ಮುಖ ತೊಳೆಯಿರಿ. ಉಣ್ಣೆಯ ಮಫ್ಲರ್ ದವಡೆಗೆ ಉಜ್ಜಿದರೆ ಅಲ್ಲಿ ಮೊಡವೆ ಕೆರಳುತ್ತದೆ. ಒಳಗೆ ಮೆತ್ತನೆಯ ಹತ್ತಿಯ ಬಟ್ಟೆ ಸುತ್ತಿಕೊಂಡು ಮೇಲೆ ಉಣ್ಣೆ ಹೊದೆಯಿರಿ. ಕೌದಿಯನ್ನು ಮುಖದ ಮೇಲೆಳೆದುಕೊಂಡು ಮಲಗುವವರು ಅದರ ಅಂಚಿಗೆ ತೊಳೆದ ಹತ್ತಿ ಬಟ್ಟೆ ಹೊಲಿದುಕೊಂಡು ವಾರಕ್ಕೊಮ್ಮೆ ಬದಲಿಸಲಿ, ಏಕೆಂದರೆ ಕೌದಿ ಪದೇ ಪದೇ ಒಗೆಯುವಂಥದ್ದಲ್ಲ. ಒಲೆಯ ಮುಂದೆ ಮುಖ ಕಾಯಿಸಿಕೊಳ್ಳಬೇಡಿ, ಕೈ ಕಾಲು ಸಾಕು.

ಜಾತ್ರೆಗಳೂ ಇದೇ ಕಾಲಕ್ಕೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ, ಸವದತ್ತಿಯ ಭಂಡಾರ. ಹೋಗಿ ಬನ್ನಿ, ಮನೆ ಮುಟ್ಟಿದೊಡನೆ ಧೂಳು, ಭಂಡಾರ, ಪೌಡರ್ ತೊಳೆದು ಲೋಷನ್ ಹಚ್ಚಿ.

ಊಟ

ಎಣ್ಣೆ ಪದಾರ್ಥದಿಂದ ಮೊಡವೆ ಬರುತ್ತದೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯನ್ನು ಬಿಡಿಸುವವರಿದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಎಳ್ಳ ಅಮವಾಸ್ಯೆಯ ಊಟವನ್ನು ನೆಮ್ಮದಿಯಿಂದ ಮಾಡಿ. ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ತಿನಿಸು ಹಾಗೂ ಹಾಲಿಗೂ ಮೊಡವೆಗೂ ನಂಟು ಕಂಡಿರುವುದು ನಿಜ. ಬಿಸ್ಕತ್ತು, ಬ್ರೆಡ್ಡು, ದಿನಕ್ಕೆ ಐದಾರು ಸಿಹಿ ಚಹಾ ಕಡಿಮೆಮಾಡಿ. ಬೆಳಗಾವಿಯ ಕುಂದಾ, ಅಮೀನಗಡದ ಕರದಂಟು ಹಬ್ಬಕ್ಕಿರಲಿ. ಜೋಳದ ರೊಟ್ಟಿ, ಕಾಳು, ಸೊಪ್ಪಿನ ಊಟ ಮೊಡವೆಗೂ ಒಳ್ಳೆಯ ಊಟವೇ. ಜಿಮ್‌ಗೆ ಹೋಗುವ ಹುಡುಗರು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಆರಂಭಿಸಿದ ಮೇಲೆ ಬೆನ್ನು, ಮುಖದಲ್ಲಿ ಮೊಡವೆ ಹೆಚ್ಚಿದ್ದರೆ ಒಂದೆರಡು ತಿಂಗಳು ನಿಲ್ಲಿಸಿ ನೋಡಲಿ.

ವೈದ್ಯರ ಬಳಿ ಯಾವಾಗ

ಮೊಡವೆಯ ಔಷಧದ ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ವಾರಕ್ಕೊಂದು ಕ್ರೀಮ್ ಬದಲಿಸಿದರೆ ಯಾವುದೂ ಕೆಲಸ ಮಾಡುವುದಿಲ್ಲ. ಆದರೆ ಒಳಗೆ ಗಟ್ಟಿಯಾಗಿ ನೋಯುವ ಗಂಟುಗಳು, ಕುಳಿ ಬೀಳುವ ಕಲೆಗಳು ಕಂಡರೆ ಒಂದು ವಾರವೂ ಕಾಯಬೇಡಿ. ಕಪ್ಪು ಕಲೆ ಮಾಯಬಹುದು, ಕುಳಿ ತಾನಾಗಿ ತುಂಬುವುದಿಲ್ಲ. ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲೂ ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇಂಥ ಬೋಧನಾ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ತಜ್ಞರು ಐಸೊಟ್ರೆಟಿನಾಯಿನ್ ಮಾತ್ರೆ ಬರೆದರೆ ತುಟಿ, ಮೂಗಿನೊಳಗು ಬಹಳ ಒಣಗುತ್ತವೆ. ಪೆಟ್ರೋಲಿಯಂ ಜೆಲ್ಲಿ ಜೇಬಿನಲ್ಲೇ ಇರಲಿ. ಮಾತ್ರೆ ನುಂಗುವ ಕಾಲದಲ್ಲೂ ಬಿಟ್ಟ ಮೇಲೆ ಕನಿಷ್ಠ ಒಂದು ತಿಂಗಳೂ ಗರ್ಭ ನಿಲ್ಲಬಾರದು, ಮಗುವಿಗೆ ತೀವ್ರ ಅಂಗದೋಷಗಳಾಗುತ್ತವೆ.

ಶಿವರಾತ್ರಿಯ ನಂತರ

ಬಿಸಿ ಏರತೊಡಗಿದಾಗ ಕ್ರೀಮಿನಿಂದ ಲೋಷನ್‌ಗೆ, ಲೋಷನ್‌ನಿಂದ ಜೆಲ್‌ಗೆ ಇಳಿಯಿರಿ. ಮೊಡವೆ ಕಡಿಮೆಯಾಯಿತೆಂದು ಅಡಾಪಲೀನ್ ಬಿಡಬೇಡಿ. ಹೋಳಿ ಹಬ್ಬಕ್ಕೆ ಮಾತ್ರ ಒಂದು ವಿನಾಯಿತಿ ಇದೆ. ಬಾಗಲಕೋಟೆಯಲ್ಲಿ ಬಣ್ಣದ ಬಂಡಿಗಳು ದಿನಗಟ್ಟಲೆ ಬೀದಿಯಲ್ಲಿರುತ್ತವೆ, ಬಣ್ಣ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಹಬ್ಬಕ್ಕೆ ಮೂರು ನಾಲ್ಕು ರಾತ್ರಿ ಮೊದಲು ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್ ನಿಲ್ಲಿಸಿ. ಆಟದ ದಿನ ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ, ಮೇಲೆ ಸನ್‌ಸ್ಕ್ರೀನ್ ಹಚ್ಚಿ ಹೊರಗೆ ಹೋಗಿ. ಬಣ್ಣ ಒಂದೇ ಸಲಕ್ಕೆ ಹೋಗದಿದ್ದರೆ ಹಾಗೇ ಬಿಡಿ, ಎರಡು ಮೂರು ದಿನಗಳಲ್ಲಿ ತಾನೇ ಮಾಸುತ್ತದೆ. ಸೀಮೆಎಣ್ಣೆ, ಬಟ್ಟೆ ಸೋಪು ತಂದು ತಿಕ್ಕಬೇಡಿ. ಉರಿ ಪೂರ್ತಿ ತಣಿದ ಮೇಲೆ, ಮತ್ತೆ ವಾರಕ್ಕೆರಡು ರಾತ್ರಿಯಿಂದ ಔಷಧ ಆರಂಭಿಸಿ.